ಒಂದು ಡಿಸ್ಕು, ಮೂರು ಸರ್ವರು

ಶಿವಬಸಮ್ಮನವರು ಪಕ್ಕದ ಕೋಣೆಯ ಹುಲಿಗೆಪ್ಪನಿಗೆ ಕಳಿಸಿದ ಮೇಲ್ ಒಂದು ದಿನ ಕಳೆದರೂ ತಲುಪಲಿಲ್ಲ. ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಹುಲಿಗೆಪ್ಪ ಆ ಕಡೆ ಸೀನಿದರೆ ಈ ಕಡೆ ಇವರ ಟೇಬಲ್ಲಿನ ಕಾಗದಗಳು ಹಾರುತ್ತಿದ್ದವು. ಸೀನು ಬರುವ ಹಾದಿಯಲ್ಲಿ ಮೇಲ್ ಹೋಗುತ್ತಿರಲಿಲ್ಲ.

"ಬಾಷಾ!"

ಗಂಗಾವತಿಯ ಆ ಸೌಹಾರ್ದ ಸಹಕಾರಿಯಲ್ಲಿ ಕಾರ್ಯದರ್ಶಿ ಶಿವಬಸಮ್ಮನವರು ಹೀಗೆ ಕೂಗಿದರೆ ಹೊರಗೆ ನಿಂತ ಆಟೋದವನೂ ಒಮ್ಮೆ ಒಳಗೆ ಇಣುಕುತ್ತಿದ್ದ. ಕಂಪ್ಯೂಟರ್ ನೋಡಿಕೊಳ್ಳುವ ಹುಸೇನಬಾಷಾ ಆಗಷ್ಟೇ ಬಸ್ಸಿಳಿದು ಬಂದಿದ್ದ. ಹೆಗಲಿನ ಬ್ಯಾಗು ಕೂಡ ಇಳಿಸಿರಲಿಲ್ಲ.

"ಕತ್ತೆ ಮ್ಯಾಲ ಹೇರಿ ಕಳಿಸಿದ್ರೂ ಇಷ್ಟೊತ್ತಿಗೆ ಮುಟ್ಟತಿತ್ತು! ಮಂಜೂರಿ ಮೇಲ್ ಬಂದಿಲ್ಲಂತ ಯಲಬುರ್ಗಾದಾಗ ಟ್ರ್ಯಾಕ್ಟರ್ ಸಾಲದವ್ರು ನಮ್ಮ ಮ್ಯಾನೇಜರನ್ನ ಒಳಗ ಹಾಕಿ ಕೀಲಿ ಜಡದಾರ. ನೀ ಇಲ್ಲಿ ಏನ್ ಮಾಡಾಕತ್ತೀಪಾ?"

"ಮೇಡಮ್ರ, ನಾ ಎಷ್ಟ ಸಲ ಹೇಳಬೇಕ್ರಿ? ತಪ್ಪು ಸರ್ವರಿಂದಲ್ಲ, ಡಿಸ್ಕಿಂದು!"

ನಾಲ್ಕು ತಾಲೂಕಿನ ಶಾಖೆಗಳ ಮೇಲ್ ನಡೆಸುತ್ತಿದ್ದದ್ದು ಗಾಜಿನ ಕೋಣೆಯಲ್ಲಿದ್ದ ಎರಡು ಸರ್ವರು. ಆದರೆ ಆ ಎರಡೂ ಮೇಲ್ ಬರೆದಿಡುತ್ತಿದ್ದದ್ದು, ಹುಡುಕಿ ತೆಗೆಯುತ್ತಿದ್ದದ್ದು ಒಂದೇ ಡಿಸ್ಕಿನ ಪೆಟ್ಟಿಗೆಯಲ್ಲಿ. ಮೇಲ್ ಕುಂಟತೊಡಗಿದಾಗ ಲೆಕ್ಕದ ಹುಲಿಗೆಪ್ಪ, "ಇನ್ನೊಂದ ಸರ್ವರ್ ತರ್ರಿ" ಎಂದ. ಕಂಪ್ಯೂಟರಿನ ಧೂಳು ಒರೆಸುವುದು ಬಿಟ್ಟು ಅವನಿಗೆ ಬೇರೇನೂ ಗೊತ್ತಿರಲಿಲ್ಲ. ಆದರೂ ತಂದರು. ಕುಂಕುಮ ಹಚ್ಚಿದರು, ನಿಂಬೆಹಣ್ಣು ಇಟ್ಟರು. ಮೇಲ್ ಕುಂಟುವುದು ಬಿಟ್ಟು ತೆವಳತೊಡಗಿತು.

"ಒಂದ ಬೋರಿಗೆ ಮೂರ ಮೋಟರ್ ಕೂಡ್ಸಿದ್ರ ನೀರ ಹೆಚ್ಚಿಗಿ ಬರ್ತಾವೇನ್ರಿ?" ಎಂದು ಬಾಷಾ ಅಂದೇ ಗಂಟಲು ಹರಿದುಕೊಂಡಿದ್ದ.

"ಮೋಟರ್ ಯಾವ ಕಂಪನಿದು?" ಎಂದಿದ್ದ ಹುಲಿಗೆಪ್ಪ.

ಇಂಥವರ ನಡುವೆ ಕೆಲಸ ಮಾಡುವುದಕ್ಕಿಂತ ಬಿಸಿಲಲ್ಲಿ ಕಲ್ಲು ಒಡೆಯುವುದು ಮೇಲು. ಕಲ್ಲು ತಿರುಗಿ ಬುದ್ಧಿ ಹೇಳುವುದಿಲ್ಲ.

ಬಾಷಾನ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಅವನ ಮನೆ ಕುಷ್ಟಗಿಯಲ್ಲಿ. ಮಗಳು ಮುನ್ನಿ ಏಳುವ ಮೊದಲೇ ಬಸ್ಸು ಹತ್ತುತ್ತಿದ್ದ, ಅವಳು ಮಲಗಿದ ಮೇಲೆ ಮನೆ ಸೇರುತ್ತಿದ್ದ. ಮಗಳು ಎಷ್ಟು ಬೆಳೆದಿದ್ದಾಳೆ ಎಂಬುದನ್ನು ಆ ತಂದೆ ಚಾಪೆಯ ಮೇಲೆ ಅಡ್ಡಲಾಗಿಯೇ ಅಳೆಯಬೇಕಿತ್ತು. ಕುಷ್ಟಗಿ ಶಾಖೆಗೆ ವರ್ಗ ಕೊಡಿ ಎಂದು ಬೇಡಿದಾಗಲೆಲ್ಲ ಸಿಗುತ್ತಿದ್ದದ್ದು ಒಂದೇ ಉತ್ತರ: ಮೊದಲು ಮೇಲ್ ಓಡಿಸು.

ಇವತ್ತು ಶಿವಬಸಮ್ಮನವರು ಟೇಬಲ್ ಕುಟ್ಟಿ ಹೇಳಿದರು: "ಮಧ್ಯಾಹ್ನದೊಳಗ ಮೇಲ್ ಓಡಿದ್ರ ನಿನ್ನ ಕುಷ್ಟಗಿ ಆರ್ಡರ್ ಇವತ್ತ ಹಾಕ್ತೀನಿ. ಓಡ್ಲಿಲ್ಲಂದ್ರ ನಾಳಿಂದ ಈ ಕಡೆ ಮುಖ ತೋರಿಸ್ಬ್ಯಾಡ."

ಬಾಷಾ ಗಾಜಿನ ಕೋಣೆ ಹೊಕ್ಕ. ಡಿಸ್ಕಿನ ದೀಪಗಳು ಜ್ವರ ಬಂದವರ ಕಣ್ಣಿನಂತೆ ಉರಿಯುತ್ತಿದ್ದವು. ಮೇಲ್ ಬಿಟ್ಟು ಇದನ್ನು ಇನ್ನಾರು ಹಿಂಡುತ್ತಿದ್ದಾರೆಂದು ನೋಡಿದ.

ಕಚೇರಿಯ ಕ್ಯಾಮರಾಗಳ ಚಿತ್ರವೆಲ್ಲ ಹಗಲೂ ರಾತ್ರಿ ಇದೇ ಡಿಸ್ಕಿಗೆ ಸುರಿಯುತ್ತಿತ್ತು. ಬಾಗಿಲಿಗೊಂದು, ತಿಜೋರಿಗೊಂದು ಸರಿ. ಚಪ್ಪಲಿ ಬಿಡುವ ಜಾಗಕ್ಕೆ ಮೂರು!

"ಹುಲಿಗೆಪ್ಪಣ್ಣ, ಈ ಕ್ಯಾಮರಾ ಇಲ್ಲಿಗೆ ಯಾರ್ ಜೋಡಿಸ್ಯಾರ?"

"ನಾನ, ಕ್ಯಾಮರಾದವಗ ಹೇಳಿ. ನನ್ನ ಹೊಸಾ ಚಪ್ಪಲಿ ಕಳುವಾಗಿದ್ದು ಮರ್ತಿ ಏನು?"

"ಕ್ಯಾಮರಾ ಹಾಕಿದ ಮ್ಯಾಲ ಕಳ್ಳ ಸಿಕ್ಕನೇನು?"

"ಎಲ್ಲಿಂದ ಸಿಗತಾನ? ನಿನ್ನ ಡಿಸ್ಕು ನಿಧಾನ ಐತಿ, ವಿಡಿಯೋನ ತೆರೆಯಂಗಿಲ್ಲ!"

ಬಾಷಾ ಹಲ್ಲು ಕಡಿದು ಕ್ಯಾಮರಾಗಳನ್ನು ಬೇರೆ ಹಳೆಯ ಕಂಪ್ಯೂಟರಿಗೆ ಜೋಡಿಸಿದ. ಮುಂದಿನದು ಒಂದು ಮದುವೆ ವಿಡಿಯೋ. ಗುಮಾಸ್ತೆ ಅನ್ನಪೂರ್ಣ ತಮ್ಮನ ಮದುವೆಯನ್ನು ಡಿಸ್ಕಿಗೆ ಹಾಕಿ ಎಲ್ಲ ಶಾಖೆಗಳಿಗೂ ತೋರಿಸುತ್ತಿದ್ದಳು. ಯಲಬುರ್ಗಾ ಕಡೆಯ ಹಳ್ಳಿ ಮಂಗಳೂರಿನ ಶಾಖೆಯವರು ಊಟದ ಹೊತ್ತಿಗೆ ದಿನಾ ಅದನ್ನೇ ಹಾಕಿಕೊಂಡು ಕೂರುತ್ತಿದ್ದರು.

"ಅಕ್ಕಾ, ಇದು ಆಫೀಸಿನ ಡಿಸ್ಕು. ಕಲ್ಯಾಣ ಮಂಟಪ ಅಲ್ಲ. ಅಳಿಸ್ತೀನಿ."

"ಅಳಿಸ್ರಿ, ಅಳಿಸ್ರಿ! ಅದರಾಗ ನೀವೂ ಅದೀರಿ. ಹೋಳಿಗಿ ಸಾಕಂತ ಕೈ ಅಡ್ಡ ಹಿಡದು, ಬೆರಳ ಸಂದ್ಯಾಗ ಹಾಕಿಸ್ಕೊಂಡೀರಿ. ಮಂಗಳೂರವ್ರು ಅಲ್ಲೇ ನಿಲ್ಲಿಸಿ ನಿಲ್ಲಿಸಿ ನೋಡ್ತಾರ."

ಬಾಷಾ ಅದನ್ನು ಎರಡು ಬಾರಿ ಅಳಿಸಿದ.

ಇಷ್ಟಾದರೂ ಡಿಸ್ಕು ಏದುಸಿರು ಬಿಡುತ್ತಲೇ ಇತ್ತು. ಕೊನೆಗೆ ಅಸಲಿ ಸಂಗತಿ ಸಿಕ್ಕಿತು. ಎಲ್ಲ ಮೇಲ್‌ಗಳ ನಕಲು ತೆಗೆದಿಡುವ ಕೆಲಸ ಊರು ಮಲಗಿದ ಮೇಲೆ ನಡೆಯಬೇಕು. ಇಲ್ಲಿ ಅದು ಕಚೇರಿಯ ಬಾಗಿಲು ತೆರೆಯುತ್ತಲೇ ಶುರುವಾಗಿ ಸಂಜೆಯವರೆಗೆ ನಡೆಯುತ್ತಿತ್ತು. ಹಾಗೆ ಬದಲಾಯಿಸಿದ್ದು ಅವನು ರಜೆಯಲ್ಲಿದ್ದಾಗ. ಬದಲಾಯಿಸಿದವರು ಯಾರೆಂಬುದೂ ಅಲ್ಲೇ ಕಾಣುತ್ತಿತ್ತು. ಬಾಷಾ ಸೀದಾ ಕಾರ್ಯದರ್ಶಿಯ ಕೋಣೆಗೆ ನುಗ್ಗಿದ.

"ಮೇಡಮ್ರ, ರಾತ್ರಿ ಕೆಲಸಾನ ಹಗಲಿಗೆ ಯಾಕ ತಂದ್ರಿ?"

"ಯಾರೂ ಇಲ್ಲದಾಗ ರಾತ್ರ್ಯಾಗ ನಕಲು ತಗಿಯೋದು ಕಳ್ಳರ ಕೆಲಸಪಾ. ಏನ ನಡದ್ರೂ ನಮ್ಮ ಕಣ್ಮುಂದ ನಡೀಬೇಕು."

"ಯಲಬುರ್ಗಾದಾಗ ಮ್ಯಾನೇಜರನ್ನ ಕೂಡಿ ಹಾಕಿದ್ದು ಟ್ರ್ಯಾಕ್ಟರಿನವ್ರಲ್ಲ. ನೀವು!"

ಪ್ಲೈವುಡ್ಡಿನ ಆಚೆ ಹುಲಿಗೆಪ್ಪ ಬಂದ ಸೀನನ್ನೂ ನುಂಗಿಕೊಂಡ. ಶಿವಬಸಮ್ಮನವರ ಮೂಗಿನ ಹೊಳ್ಳೆ ಅರಳಿತು, ಮತ್ತೆ ಇಳಿಯಿತು.

"ರಾತ್ರಿಗೆ ಹಾಕು. ಮೇಲ್ ಓಡ್ಲಿಲ್ಲೋ, ಇವತ್ತ ನಿನ್ನ ನಾ ಬಿಡಂಗಿಲ್ಲ."

ಬಾಷಾ ಹಾಕಿದ. ಆಗ ನೋಡಬೇಕಿತ್ತು. ಡ್ಯಾಮಿನ ಗೇಟು ಎತ್ತಿದಂತೆ ತಡೆದು ನಿಂತ ಮೇಲ್‌ಗಳೆಲ್ಲ ಧುಮ್ಮಿಕ್ಕಿದವು. ಯಲಬುರ್ಗಾದ ಮಂಜೂರಿ ಹೋಯಿತು, ಮ್ಯಾನೇಜರು ಹೊರಗೆ ಬಂದ. ಸಿದ್ದಾಪುರದ ಗುಮಾಸ್ತನೊಬ್ಬನಿಗೆ ಅವನು ಹೆಂಡತಿಯ ಬಾಣಂತನಕ್ಕೆ ಕೇಳಿದ್ದ ರಜೆ ಮಂಜೂರಾಗಿ ಬಂತು. ಕೂಸು ಆಗಲೇ ಅಂಬೆಗಾಲಿಡುತ್ತಿತ್ತು.

ಶಿವಬಸಮ್ಮನವರು ಮಾತಿಗೆ ತಪ್ಪುವವರಲ್ಲ. ಹುಸೇನಬಾಷಾ ಕುಷ್ಟಗಿಗೆ, ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಯಮನೂರ ಗಂಗಾವತಿಗೆ ಎಂದು ಆದೇಶ ಟೈಪು ಮಾಡಿಸಿ, ಮೇಲ್ ಕಳಿಸುವ ಗುಂಡಿ ಒತ್ತಿದರು. ಬೆರಳು ಎತ್ತುವ ಮೊದಲೇ ಬಾಷಾನ ಜೇಬಿನಲ್ಲಿ ಫೋನು ಟಿಣ್ ಎಂದಿತು. ಅವನ ಎದೆಯೂ ಟಿಣ್ ಎಂದಿತು.

"ಹಸೀಬಾ, ಆರ್ಡರ್ ಆತು! ಮುನ್ನಿನ್ನ ಮಲಗಿಸ್ಬ್ಯಾಡ, ಇನ್ನ ಮ್ಯಾಲ ದಿನಾ ಬಾಗಿಲು ಅಕಿನ ತಗೀಲಿ" ಎಂದು ಹೆಂಡತಿಗೆ ಫೋನಿನಲ್ಲಿ ಕೂಗಿದ. ಬಸ್ ಸ್ಟ್ಯಾಂಡಿನಲ್ಲಿ ಒಂದು ಡಬ್ಬಿ ಪೇಡೆ ಕಟ್ಟಿಸಿಕೊಂಡು ಬಸ್ಸು ಹತ್ತಿದ. ಕನಕಗಿರಿ ಬರುವ ಮೊದಲೇ ಫೋನಿನ ಬ್ಯಾಟರಿ ಸತ್ತಿತು. ಸಾಯಲಿ ಎಂದುಕೊಂಡ. ಇವತ್ತೇ ಹಾಜರಾಗಿ ಕುರ್ಚಿ ಹಿಡಿದರೆ ಮುಗಿಯಿತು. ಒಮ್ಮೆ ಚಾರ್ಜು ತೆಗೆದುಕೊಂಡವನನ್ನು ಎಬ್ಬಿಸುವ ಪದ್ಧತಿ ಆ ಸಂಸ್ಥೆಯಲ್ಲಿ ಇರಲಿಲ್ಲ.

ಕುಷ್ಟಗಿ ಶಾಖೆಯ ಬಾಗಿಲು ಹಾಕುವ ಹೊತ್ತಿಗೆ ಓಡೋಡಿ ಒಳಗೆ ನುಗ್ಗಿದ. ಯಮನೂರ ಕುರ್ಚಿಯಲ್ಲಿ ಆರಾಮಾಗಿ ಚಹಾ ಕುಡಿಯುತ್ತಿದ್ದ.

"ಬರ್ರಿ ಬಾಷಾಸಾಬ್ರ, ಕುಂದರ್ರಿ."

"ಕುಂದರಾಕ ಆಮ್ಯಾಲ. ಮೊದಲ ಚಾರ್ಜ್ ಕೊಡ್ರಿ."

"ಯಾ ಚಾರ್ಜ್ ರಿ?" ಯಮನೂರ ಕಂಪ್ಯೂಟರನ್ನು ಇವನತ್ತ ತಿರುಗಿಸಿದ. "ನಿಮ್ಮ ಆರ್ಡರ್ ಬಂತು. ಡೈರೆಕ್ಟರ್ ಮದಾರಸಾಬ್ರಿಗೆ ಒಂದ ಮೇಲ್ ಹಾಕಿದ್ನಿ. ಮೇಲ್ ಇಷ್ಟ ಛಲೋ ಓಡ್ಸೋ ಮನಷ್ಯಾನ್ನ ಹೆಡ್ ಆಫೀಸಿನಿಂದ ಕಳಿಸಬಾರದು, ಸಂಸ್ಥಾಕ್ಕ ಭಾಳ ಲುಕ್ಸಾನ ಅಂತ ಬರದ್ನಿ. ಹೌದಲಾ ಅಂದ್ರು ಅವ್ರು. ಮೇಡಮ್ಮಾರಿಗೆ ಮೇಲ್ ಹಾಕಿದ್ರು. ಮೇಡಮ್ಮಾರು ಆರ್ಡರ್ ರದ್ದು ಮಾಡಿ ವಾಪಸ್ ಹಾಕಿದ್ರು. ನಿಮ್ಮ ಬಸ್ಸು ತಾವರಗೇರಿ ಮುಟ್ಟೋದ್ರಾಗ ಎಲ್ಲಾ ಮುಗದಿತ್ತು."

ಬಾಷಾ ಪರದೆ ನೋಡಿದ. ಆದೇಶ, ಅರ್ಜಿ, ಶಿಫಾರಸು, ರದ್ದು. ಒಂದರ ಬಾಲ ಒಂದು ಹಿಡಿದುಕೊಂಡು ನಿಂತಿದ್ದವು. ಅವನ ಕೈಯಿಂದ ಜಾರಿದ ಡಬ್ಬಿಯನ್ನು ಯಮನೂರ ಹಿಡಿದು, ಮುಚ್ಚಳ ತೆಗೆದು ಒಂದು ಪೇಡೆ ಬಾಯಿಗೆ ಹಾಕಿಕೊಂಡ.

"ಖರೇ ಹೇಳ್ತೀನ್ರಿ, ನಿನ್ನಿ ಮೇಲ್ ಆಗಿದ್ರ ನನ್ನ ಅರ್ಜಿ ಇನ್ನೂ ದಾರಿಯಾಗ ಇರ್ತಿತ್ತು. ನೀವು ಈ ಕುರ್ಚಿಯಾಗ ಇರ್ತಿದ್ರಿ, ನಾ ಗಂಗಾವತಿ ಬಸ್ಸಿನಾಗ ನಿಂತು ಹೋಗ್ತಿದ್ನಿ. ಭಾಳ ಉಪಕಾರ ಮಾಡಿದ್ರಿ ಬಾಷಾಸಾಬ್ರ. ತಗೋರಿ, ನೀವೂ ಒಂದ ಪೇಡೆ ತಿನ್ರಿ."