ಸಂಶೋಧಕರು, ನಾನು ಮತ್ತು ನನ್ನ ದನ

ಯಾರೋ ಎಲ್ಲಿಯೋ ಕುಳಿತು ಸಂಶೋಧನೆ ಮಾಡುತ್ತಾರೆ. ಅದರ ಪರಿಣಾಮ ಮಾತ್ರ ಪ್ರತಿ ಸಲ ಬೆಳ್ಮಣ್ಣಿನ ನನ್ನ ಚಾದಂಗಡಿಯಲ್ಲೇ ಆಗುತ್ತದೆ. ನಾನು ಶಾಲೆ ಬಿಟ್ಟದ್ದು ನಾಲ್ಕನೇ ಕ್ಲಾಸಿನಲ್ಲಿ. ಮುಂದಿನ ಓದೆಲ್ಲ ಬನ್ಸ್ ಕಟ್ಟಿಕೊಡುವ ಹಳೆಯ ಪೇಪರುಗಳಲ್ಲಿ. ಆರೋಗ್ಯದ ಪುಟವನ್ನಂತೂ ಓದದೆ ಹರಿಯುವುದಿಲ್ಲ. ಅಂಗಡಿ ಕಟ್ಟಿದ್ದು ನಾನೇ. ಅದು ನಡೆಯುವುದು ಮನೆ ಹಿಂದಿನ ಹಟ್ಟಿಯಲ್ಲಿರುವ ಒಂದೇ ದನದ ಹಾಲಿನಿಂದ. ಅದು ಹಾಲು ನಿಲ್ಲಿಸಿದರೆ ನನ್ನ ಬಾಗಿಲೂ ಮುಚ್ಚಿದ ಹಾಗೆ.

ಅರ್ಧ ಪುಟ

‘ಚಾ ಹೃದಯಕ್ಕೆ ಒಳ್ಳೆಯದು’ ಎಂಬ ಸುದ್ದಿ ಒಮ್ಮೆ ಸಿಕ್ಕಿತು. ಹರಿದು ಗೋಡೆಗೆ ಅಂಟಿಸಿದೆ. ಮರುದಿನ ಬಸ್ಸಿನ ಕಂಡಕ್ಟರು ಬನ್ಸಿನ ಎಣ್ಣೆ ಹಿಡಿದ ಕಾಗದ ಬಿಡಿಸುತ್ತಾ ಬಂದರು. “ಅಕ್ಕ, ಉಳಿದ ಅರ್ಧ ನನ್ನ ಹತ್ತಿರ ಉಂಟು. ‘ಆದರೆ ಹಾಲು, ಸಕ್ಕರೆ ಹಾಕಬಾರದು’ ಅಂತ ಬರೆದಿದ್ದಾರೆ.”

ನಾನು ಸೋಲುತ್ತೇನಾ? “ಇಲ್ಲಿ ಕೊಡಿ, ಅದರಲ್ಲೇ ಇನ್ನೊಂದು ಬನ್ಸ್ ಕಟ್ಟಿಕೊಡುತ್ತೇನೆ” ಎಂದೆ.

ಚೆಂಡೆ

ಸಂಗೀತ ಕೇಳಿದರೆ ದನ ಹೆಚ್ಚು ಹಾಲು ಕೊಡುತ್ತದೆ ಎಂದು ಇನ್ನೊಂದು ಪೇಪರು. ಎಂತ ಸಂಗೀತ ಎಂಬ ಭಾಗ ಎಣ್ಣೆಯಲ್ಲಿ ಅಳಿಸಿಹೋಗಿತ್ತು. ಹಾಲು ಕರೆಯುವಾಗ ಮೊಬೈಲಿನಲ್ಲಿ ಯಕ್ಷಗಾನ ಹಾಕಿದೆ. ಭಾಗವತರು ಹಾಡುವಷ್ಟು ಹೊತ್ತು ಚೆನ್ನಾಗಿಯೇ ಇತ್ತು. ಚೆಂಡೆ ಸುರುವಾಯಿತು ನೋಡಿ, ದನವೂ ಒಂದು ಹೆಜ್ಜೆ ಹಾಕಿತು. ಹೆಜ್ಜೆ ಬಿದ್ದದ್ದು ಹಾಲಿನ ಬಾಲ್ದಿಗೆ.

ಅಂದು ಎಲ್ಲರಿಗೂ ಹಾಲಿಲ್ಲದ ಕಣ್ಣ ಚಾ. ಕಂಡಕ್ಟರು ಕುಡಿದು, ಗೋಡೆ ನೋಡಿ, “ಈಗ ಹೃದಯಕ್ಕೆ ಒಳ್ಳೆಯದಾಯಿತು ಅಕ್ಕ” ಎಂದರು.

ಅನ್ನ

ನನಗೆ ಸಕ್ಕರೆ ಕಾಯಿಲೆ. ಮಣಿಪಾಲದ ಡಾಕ್ಟರದ್ದು ಯಾವಾಗಲೂ ಎರಡೇ ಮಾತು: “ಸಂಶೋಧನೆಗಳೆಲ್ಲ ಇದನ್ನೇ ಹೇಳುತ್ತವೆ. ಅನ್ನ ಕಡಿಮೆ ಮಾಡಿ, ದಿನಾ ನಡೆಯಿರಿ.”

ನಡೆಯಲು ಪುರುಸೊತ್ತು ಎಲ್ಲಿ? ಅನ್ನ ಕಡಿಮೆ ಮಾಡಿದೆ. ನನ್ನದು ಮಾತ್ರವಲ್ಲ, ಮನೆಯವರೆಲ್ಲರದ್ದೂ. ಆದರೆ ಕೈಗೆ ಅಭ್ಯಾಸವಾದ ಪಾತ್ರೆ ಅದೇ, ಅಕ್ಕಿಯೂ ಅಷ್ಟೇ. ಉಳಿದದ್ದನ್ನು ಬಿಸಾಡಲು ಮನಸ್ಸು ಬಾರದೆ ದನದ ಕಲಗಚ್ಚಿನ ಬಾನಿಗೆ ಸುರಿದೆ. ಒಂದು ಬೆಳಿಗ್ಗೆ ದನ ಹೊಟ್ಟೆ ಉಬ್ಬಿ, ಮೆಲುಕು ನಿಲ್ಲಿಸಿ ಮಲಗಿಬಿಟ್ಟಿತು. ಒಂದು ತೊಟ್ಟು ಹಾಲಿಲ್ಲ. ದನದ ಡಾಕ್ಟರಿಗೆ ಫೋನು ಮಾಡಿದೆ.

ಅವರು ಓಡಿ ಬಂದರು. “ಅನ್ನ ತಿಂದು ಹೊಟ್ಟೆ ಹುಳಿಯಾಗಿದೆ. ಇಷ್ಟು ಅನ್ನ ಹಾಕಲು ಯಾರು ಹೇಳಿದ್ದು ಮಾರಾಯ್ರೆ?”

“ಮಣಿಪಾಲದ ಡಾಕ್ಟರು.”

“ಅವರು ದನವನ್ನೂ ನೋಡುತ್ತಾರಾ?”

ಮದ್ದು ಕುಡಿಸಿ, “ದನ ಎದ್ದ ಮೇಲೆ ಬೆಳಿಗ್ಗೆ ಸಂಜೆ ನಡೆಸಿ” ಎಂದು ಹೇಳಿ ಹೋದರು. ನನ್ನ ಅಂಗಡಿಯ ಪ್ರಶ್ನೆ! ಹಗ್ಗ ಹಿಡಿದು ನಡೆದೆ. ದನ ಮತ್ತೆ ಹಾಲಿಗೆ ಬಂತು. ಆದರೆ ಅದಕ್ಕೀಗ ತಿರುಗಾಟದ ಚಟ. ಹೊತ್ತಿಗೆ ಸರಿಯಾಗಿ ಹೊರಡದಿದ್ದರೆ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತದೆ.

ಮುಂದಿನ ಸಲ ಮಣಿಪಾಲದ ಡಾಕ್ಟರು ರಕ್ತದ ರಿಪೋರ್ಟು ನೋಡಿ ಕನ್ನಡಕ ತೆಗೆದರು. “ಸಕ್ಕರೆ ಇಳಿದಿದೆಯಲ್ಲ! ಎಂತ ಮಾಡಿದಿರಿ?”

“ದಿನಾ ನಡೆದೆ.”

“ನಾನು ಹೇಳಿ ಹೇಳಿ ಸೋತಿದ್ದೆ. ಈಗ ಯಾರ ಮಾತು ಕೇಳಿದಿರಿ?”

“ದನದ್ದು” ಎಂದು ಇದ್ದದ್ದೆಲ್ಲ ಹೇಳಿದೆ.

ಡಾಕ್ಟರು ನಗಲಿಲ್ಲ. ಬಾಗಿಲು ಮುಚ್ಚಿದೆಯೇ ಎಂದು ನೋಡಿ, ಮೆಲ್ಲಗೆ ಕೇಳಿದರು: “ನಮ್ಮ ಅತ್ತೆಗೂ ಸಕ್ಕರೆ ಉಂಟು. ನನ್ನ ಮಾತು ಕೇಳುವುದೇ ಇಲ್ಲ. ನಿಮ್ಮ ದನವನ್ನು ಒಂದು ತಿಂಗಳ ಮಟ್ಟಿಗೆ ಕಳಿಸಿಕೊಡಬಹುದಾ?”