ಹಟ್ಟಿಯಿಂದ ನೇರಪ್ರಸಾರ

ಮೊದಲು ಆಣೆ ಹಾಕು. ಹಾಗಲ್ಲ ಮಾರಾಯ್ತಿ, ನೀನು ನಂಬುವ ದೈವದ ಹೆಸರು ಬಾಯಿಬಿಟ್ಟು ಹೇಳಿ ಹಾಕು. ಈಗ ನಾನು ಹೇಳುದು ಈ ಜಗಲಿ ಬಿಟ್ಟು ಆಚೆ ಹೋಗಬಾರದು. ತಗೊ, ಈ ಎಲೆ ಅಡಿಕೆ ಬಾಯಿಗೆ ಹಾಕಿಕೊ. ಬಾಯಿ ತುಂಬಿದ್ರೆ ಮಾತು ಹೊರಗೆ ಬೀಳುದಿಲ್ಲ.

ನಮ್ಮ ಈ ಓಣಿಯಲ್ಲಿ ಮೊದಲೆಲ್ಲ ವಾರಕ್ಕೊಂದು ತಮಾಷೆ ಆಗ್ತಿತ್ತು. ಆಚೆ ಮನೆಯವರು ಮೊಬೈಲಲ್ಲಿ ಚಾನಲ್ ಸುರು ಮಾಡಿದ ಮೇಲೆ ದಿನಕ್ಕೊಂದು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಬೀಡಿ ಕಟ್ಟುವವಳು, ನನಗೆ ಯಾರ ಪಂಚಾತಿಗೆಯೂ ಬೇಡ. ಆದ್ರೆ ನನ್ನ ಅಡಿಗೆಕೋಣೆಯ ಕಿಟಕಿ ಸೀದಾ ಅವರ ಅಂಗಳಕ್ಕೆ. ನಾನೆಂತ ಮಾಡ್ಲಿ? ಕಿಟಕಿ ಇಟ್ಟ ಆಚಾರಿಯನ್ನು ಕೇಳು.

ಹಸುವಿಗೆ ಟ್ರಾನ್ಸ್‌ಫರ್

ಆಚೆ ಮನೆಯವರನ್ನು ಊರಲ್ಲಿ ಮೈಕಿನವರು ಅಂತಲೇ ಕರೆಯುದು. ಪುತ್ತೂರಿನಿಂದ ಸುಳ್ಯದವರೆಗೆ ಎಲ್ಲಿ ಮದುವೆ ಆದ್ರೂ ಮೈಕು ಅವರದ್ದೇ, ಅದರಲ್ಲಿ ಮಾತಾಡುದೂ ಅವರೇ. ಈಗ ಎಲ್ಲರ ಹತ್ರವೂ ಒಂದೊಂದು ಸ್ಪೀಕರಿನ ಡಬ್ಬ ಉಂಟಲ್ಲ, ಮೈಕಿಗೆ ಯಾರೂ ಕರೆಯುದಿಲ್ಲ. ಹಾಗೆ ಅವರಿಗೊಂದು ಐಡಿಯಾ ಬಂತು, ವಾರ್ತೆ ಮತ್ತು ಮನರಂಜನೆಯ ಚಾನಲ್. ಅದಕ್ಕೆ ಸ್ಟುಡಿಯೋ ಬೇಕು. ಅವರ ಹೆಂಡತಿ, ನಾನು ಅಕ್ಕ ಅಂತ ಕರೆಯುವವರು, ಎರಡು ದಿನ ತವರಿಗೆ ಐವರ್ನಾಡಿಗೆ ಹೋದದ್ದೇ ಹೋದದ್ದು, ಇವರು ದನದ ಹಟ್ಟಿ ತೊಳೆದು, ಸುಣ್ಣ ಬಳಿದು, ಹಿಂದೆ ಒಂದು ಹಸಿರು ಬಟ್ಟೆ ಕಟ್ಟಿ, ಎದುರಿಗೆ ದೋಸೆಕಾವಲಿಯಷ್ಟು ದೊಡ್ಡ ಉರುಟು ಲೈಟು ನಿಲ್ಲಿಸಿಬಿಟ್ರು. ಹಸುವನ್ನು ತಂದು ಕಟ್ಟಿದ್ದು ಎಲ್ಲಿ? ನನ್ನ ಅಡಿಗೆಕೋಣೆಯ ಕಿಟಕಿ ಬುಡಕ್ಕೆ, ಮೇಲೊಂದು ಶೀಟು ಹಾಕಿ.

ಅಕ್ಕ ಬಂದು ನೋಡಿದ್ರು. ಬೊಬ್ಬೆ ಹಾಕ್ಲಿಲ್ಲ. ಅವರು ಬೊಬ್ಬೆ ಹಾಕದಿದ್ರೆ ನಮಗೆಲ್ಲ ಹೆದರಿಕೆ ಜಾಸ್ತಿ.

"ಹಸು ಗಬ್ಬ ಉಂಟು," ಅಂದ್ರು. "ಅದು ಕರು ಹಾಕುವ ಮೊದಲು ನಿಮ್ಮ ಚಾನಲಿಗೆ ಸಾವಿರ ಜನ ಆದ್ರೆ ಹಟ್ಟಿ ನಿಮ್ಮದು. ಆಗದಿದ್ರೆ ಹಟ್ಟಿ ಹಸುವಿನದ್ದು, ನಿಮ್ಮ ಲೈಟು ಗುಜಿರಿಗೆ."

ಮೈಕಿನವರು ಒಪ್ಪಿದ್ರು. ಹಸುವನ್ನು ಯಾರೂ ಕೇಳ್ಲಿಲ್ಲ.

ಸಾವಿರ ಜನ ಅಂದ್ರೆ ಎಂತ, ಮೊಬೈಲಲ್ಲಿ ಸಬ್‌ಸ್ಕ್ರೈಬ್ ಅಂತ ಒಂದು ಕೆಂಪು ಗುಂಡಿ ಉಂಟು, ಅದನ್ನು ಸಾವಿರ ಜನ ಒತ್ತಬೇಕು. ಮೈಕಿನವರು ಮನೆಮನೆಗೆ ಬಂದು ಕೇಳಿದ್ರು. ನನ್ನಲ್ಲಿಗೆ ಬಂದಾಗ ಆ ಹಸು ಕಿಟಕಿಯಿಂದ ನಾಲಗೆ ಹಾಕಿ ನನ್ನ ಬೀಡಿ ಎಲೆ ಅರ್ಧ ಕಟ್ಟು ತಿಂದು ಮುಗಿಸಿತ್ತು. ಆ ಸಿಟ್ಟಲ್ಲಿ ನಾನು ಒತ್ತುವವಳಾ? ಆದ್ರೆ ಬಾಯಲ್ಲಿ "ನಾನೇ ಎಲ್ಲರಿಗಿಂತ ಮೊದಲು ಒತ್ತಿದ್ದು ಮೈಕಿನವ್ರೆ" ಅಂದೆ. ಅವರಿಗೆ ಕಣ್ಣಲ್ಲಿ ನೀರು ಬಂತು. ಮೊದಲನೆಯವಳು ಅಂತ ನನಗೊಂದು ಲಾಡು ಕೊಟ್ರು. ಆ ಲಾಡು ನೆನಪಿಟ್ಟುಕೊ, ಆಮೇಲೆ ಬೇಕಾಗ್ತದೆ.

ಮರದ ವಾರಸುದಾರರು

ಮೊದಲನೇ ದಿನದ ವಾರ್ತೆ ನಾನು ಕಿಟಕಿಯಿಂದ ನೋಡಿದ್ದು. ಮದುವೆ ಮೈಕಲ್ಲಿ ಮಾತಾಡಿದ ನಾಲಗೆ ವಾರ್ತೆ ಓದ್ಲಿಕ್ಕೆ ತಿರುಗ್ತದಾ? ಸುರುವಿಗೆ ಹತ್ತು ನಿಮಿಷ "ಹಲೋ, ಚೆಕ್, ಒಂದು, ಎರಡು". ಮತ್ತೆ ವಾರ್ತೆ.

"ದಯವಿಟ್ಟು ಗಮನಿಸಿ. ಕಡಬ ರಸ್ತೆಯಲ್ಲಿ ಒಂದು ಮರ ಅಡ್ಡ ಬಿದ್ದಿರುತ್ತದೆ. ಮರದ ವಾರಸುದಾರರು ಎಲ್ಲಿದ್ದರೂ ಕೂಡಲೇ ಬಂದು ತಮ್ಮ ಮರವನ್ನು ತೆಗೆಯಬೇಕಾಗಿ ವಿನಂತಿ."

ಎಲ್ಲ ಓದಿ ಆದ ಮೇಲೆ ಅಭ್ಯಾಸಬಲದಿಂದ, "ಊಟಕ್ಕೆ ಬಾಕಿ ಇರುವವರು ಕೂಡಲೇ ಊಟಕ್ಕೆ ಕೂತುಕೊಳ್ಳಬೇಕು, ಇದು ಕೊನೆಯ ಪಂಕ್ತಿ" ಅಂತ ಮುಗಿಸಿದ್ರು.

ಅವತ್ತು ನೋಡಿದ್ದು ಒಟ್ಟು ಹನ್ನೊಂದು ಜನ. ಅದರಲ್ಲಿ ಇಬ್ಬರು ಕೈ ತೊಳೆದುಕೊಂಡು ಅಕ್ಕನ ಜಗಲಿಗೆ ಬಂದು ಊಟ ಎಲ್ಲಿ ಅಂತ ಕೇಳಿದ್ರು.

ಹೊಳೆ ಬಂತು

ಮಳೆಗಾಲದಲ್ಲಿ ಉಪ್ಪಿನಂಗಡಿಯಲ್ಲಿ ಎರಡು ಹೊಳೆ ಏರಿ ದೇವಸ್ಥಾನದ ಎದುರು ಒಂದಾದ್ರೆ ನಾವು ಸಂಗಮ ಅಂತೇವೆ, ಗೊತ್ತುಂಟಲ್ಲ. ಅದನ್ನು ಯಾರು ಮೊದಲು ತೋರಿಸುದು ಅಂತ ಚಾನಲಿನವರಿಗೆಲ್ಲ ಪೈಪೋಟಿ. ನಮ್ಮ ಮೈಕಿನವರು ಕೊಡೆಯ ಕಾಲಿಗೆ ಮೊಬೈಲು ಕಟ್ಟಿ ಲೈವ್ ಬಿಟ್ರು. ದಡದಲ್ಲಿ ಜನವೋ ಜನ. "ಲೈವ್ ಬರ್ತಾ ಉಂಟಂತೆ" ಅಂತ ಯಾರೋ ಹೇಳಿದ್ದೇ ತಡ, ಅಷ್ಟೂ ಜನ ಹೊಳೆಗೆ ಬೆನ್ನು ಹಾಕಿ ನಿಂತು ಅವರವರ ಮೊಬೈಲಲ್ಲಿ ಹೊಳೆ ನೋಡ್ಲಿಕ್ಕೆ ಸುರು.

ನಾನೂ ಹೋಗಿದ್ದೆ. ನನ್ನ ಹತ್ರ ನಿಂತಿದ್ದ ಒಬ್ಬರು ಮೊಬೈಲು ನೋಡಿ ನೋಡಿ, "ಪಾಪ, ಯಾರದ್ದೋ ಒಂದು ಚಪ್ಪಲಿ ಹೋಯ್ತು" ಅಂದ್ರು. ನಾನು ಕೆಳಗೆ ನೋಡಿದೆ. ಅವರ ಒಂದು ಕಾಲು ಬರಿಗಾಲು.

ಅಜ್ಜನ ಮೇಲೆ ಹೂಮಳೆ

ಅಕ್ಕನ ತವರಿನ ಕಡೆ ಒಬ್ಬರು ಅಜ್ಜ ತೀರಿಹೋದ್ರು. ಬೊಜ್ಜದ ದಿನ, ಅಂದ್ರೆ ಉತ್ತರಕ್ರಿಯೆಯ ಊಟದ ದಿನ, ದೂರ ಇರುವ ನೆಂಟರಿಗೆ ನೋಡ್ಲಿಕ್ಕೆ ಲೈವ್ ಮಾಡಿ ಅಂತ ಮೈಕಿನವರನ್ನೇ ಕರೆದ್ರು. ಇವರ ಹತ್ರ ಇದ್ದದ್ದು ಮದುವೆಗೆ ಮಾಡಿಸಿದ ಒಂದೇ ಡಿಸೈನು. ಅದರಲ್ಲಿ ಫೋಟೋ ಬದಲಿಸ್ಲಿಕ್ಕೆ ಮಾತ್ರ ಇವರಿಗೆ ಬರುದು, ಬೇರೆ ಎಂತ ಮಾಡ್ಲಿಕ್ಕೂ ಬರುದಿಲ್ಲ.

ಅಜ್ಜನ ಫೋಟೋ ಬಂತು. ಸುತ್ತ ಗುಲಾಬಿ ಎಸಳು ಉದುರ್ಲಿಕ್ಕೆ ಸುರು. ಎರಡು ಪಾರಿವಾಳ ಒಂದು ಕೆಂಪು ಹೃದಯ ಕಚ್ಚಿಕೊಂಡು ಬಂದು ಅಜ್ಜನ ಮಂಡೆ ಮೇಲೆ ಇಟ್ಟು ಹೋದವು. ಹಿಂದಿನಿಂದ ವಾಲಗ. ಮನೆಯ ಗಂಡಸರೆಲ್ಲ ಮೈಕಿನವರನ್ನು ಹುಡುಕ್ಲಿಕ್ಕೆ ಎದ್ರು, ಮೈಕಿನವರು ಪಾತ್ರೆ ತೊಳೆಯುವಲ್ಲಿ ಅಡಗಿ ಕೂತ್ರು. ಕೊನೆಗೆ ಅಜ್ಜಿಗೆ ಮೊಬೈಲು ತೋರಿಸಿದ್ರು. ಅಜ್ಜಿ ಅವರ ಕಡೆಯ ಮಾತು ಅರೆಭಾಷೆಯಲ್ಲಿ ಹೇಳಿದ್ದು ಇಷ್ಟೇ. ಇರ್ಲಿ ಬಿಡಿ, ತೆಗೀಬೇಡಿ, ಮದುವೆ ದಿನವೂ ಅವರ ಮುಖದಲ್ಲಿ ಇಷ್ಟು ಕಳೆ ಇರ್ಲಿಲ್ಲ.

ಗುತ್ತಿಗಾರಿನ ಅತಿಥಿ

ಗುತ್ತಿಗಾರಲ್ಲಿ ಆನೆ ತೋಟಕ್ಕೆ ನುಗ್ಗಿ ಬಾಳೆ ಎಲ್ಲ ಮುರಿದಿದೆ ಅಂತ ಸುದ್ದಿ ಬಂತು. ಬೆಳಿಗ್ಗೆ ಚಾ ಕುಡಿದು ಮೈಕಿನವರು ಹೋದ್ರು. ಮುರಿದ ಬಾಳೆಗೆ ಬೆನ್ನು ಹಾಕಿ ನಿಂತು ಲೈವ್. ನೋಡುವವರು ಬರೆದದ್ದನ್ನೆಲ್ಲ ಓದಿ, ಹೆಸರು ಹೇಳಿ ಉಪಕಾರ ಹೇಳುದು ಅವರ ಕ್ರಮ. ಮದುವೆಯಲ್ಲಿ ಉಡುಗೊರೆ ಕೊಟ್ಟವರ ಹೆಸರು ಓದಿ ಓದಿ ಆದ ಅಭ್ಯಾಸ ಅದು.

"ಸುಳ್ಯದಿಂದ ಒಬ್ಬರು 'ಹಿಂದೆ ನೋಡಿ' ಎಂದು ಬರೆದಿದ್ದಾರೆ, ಅವರಿಗೆ ಧನ್ಯವಾದಗಳು. ಕಡಬದಿಂದ ಒಬ್ಬರು ಸಹೋದರಿ 'ಹಿಂದೆ ನೋಡಿ' ಎಂದಿದ್ದಾರೆ, ಅವರಿಗೂ ಅವರ ಮನೆಯವರಿಗೂ ಧನ್ಯವಾದಗಳು."

ಏಳನೇ ಧನ್ಯವಾದಕ್ಕೆ ಆನೆ ಉಸಿರು ಬಿಟ್ಟಿತು. ಅದರ ಗಾಳಿಗೆ ಇವರ ಶರ್ಟು ಮುಂದಕ್ಕೆ ಹಾರಿತು. ಮೈಕಿನವರು ಓಡಿದ ರಸ್ತೆ ಈಗಲೂ ಯಾರಿಗೂ ಗೊತ್ತಿಲ್ಲ, ಅಲ್ಲಿ ರಸ್ತೆಯೇ ಇಲ್ಲ. ಮೊಬೈಲು ಸ್ಟ್ಯಾಂಡಿನಲ್ಲೇ ಬಾಕಿ. ಆನೆ ಅದರ ಎದುರು ನಿಂತು ಒಂದು ಗಂಟೆ ನೆಮ್ಮದಿಯಲ್ಲಿ ಬಾಳೆ ತಿಂದಿತು. ಇವರು ಮೂರು ತಿಂಗಳು ಗಂಟಲು ಹರಿದು ಮಾಡಿದ್ದಕ್ಕಿಂತ ಜಾಸ್ತಿ ಜನ ಆ ಒಂದು ಗಂಟೆಯಲ್ಲಿ ಗುಂಡಿ ಒತ್ತಿದ್ರು. ಅಕ್ಕ ಹೇಳಿದ್ರು, ಆನೆ ಎಂತದ್ದೂ ಮಾತಾಡ್ಲಿಲ್ಲ, ಅದಕ್ಕೇ.

ಸಾವಿರ ಮೊದಲೋ, ಕರು ಮೊದಲೋ

ಈಗ ಹತ್ರ ಬಾ. ಆಣೆ ಹಾಕಿಸಿದ್ದು ಇದಕ್ಕೆ.

ಮೊನ್ನೆ ಸಾವಿರಕ್ಕೆ ಹನ್ನೊಂದು ಬಾಕಿ ಇತ್ತು. ಹಸುವಿಗೂ ದಿನ ತುಂಬಿತ್ತು. ಮೈಕಿನವರು ಯಾವಾಗಲೋ ಯಾರೋ ಹೊದಿಸಿದ ಶಾಲು ಹೊದ್ದು, ಮಧ್ಯಾಹ್ನವೇ ಲೈವಿಗೆ ಕೂತು, ಸಾವಿರ ಆಗದೆ ಏಳುದಿಲ್ಲ ಅಂತ ಹಠ ಹಿಡಿದ್ರು. ಅಕ್ಕ ಅಂಗಡಿಗೆ ಹೋಗಿದ್ರು. ಹಸು ನನ್ನ ಕಿಟಕಿ ಬುಡದಲ್ಲಿ ಬೆಳಿಗ್ಗೆಯಿಂದ ಏಳುದು, ಮಲಗುದು, ಹಟ್ಟಿ ಕಡೆ ನೋಡಿ ಕೂಗುದು. ಅದರ ಹಗ್ಗ ಯಾರು ಬಿಚ್ಚಿದ್ದು ಅಂತ ನೀನು ಕೇಳಬಾರದು, ನಾನು ಹೇಳಬಾರದು. ಪಾಪದ ಪ್ರಾಣಿ, ಸೀದಾ ಅದರ ಜಾಗಕ್ಕೆ ಅದು ಹೋಯ್ತು, ಅದರ ಹಿಂದೆಯೇ ನಾನೂ.

ಅಲ್ಲಿ ಮೈಕಿನವರು ಜೋರಾಗಿ ಓದ್ತಿದ್ರು, "ಪುತ್ತೂರಿನಿಂದ ಒಬ್ಬರು 'ಹಿಂದೆ ನೋಡಿ'..." ಅಷ್ಟೇ. ಗುತ್ತಿಗಾರಿನ ಆನೆ ಆದ ಮೇಲೆ ಆ ಎರಡು ಶಬ್ದ ಕೇಳಿದ್ರೆ ಅವರು ಹಿಂದೆ ನೋಡುದಿಲ್ಲ, ಸೀದಾ ಮೇಜು ಹತ್ತುದು. ಮೇಜಿನ ಮೇಲಿಂದ ನೋಡಿದ್ರೆ ಆನೆ ಅಲ್ಲ, ಹಸು. ಹಸುವಿನ ಹಿಂದೆ ಎರಡು ಕಾಲು ಜಾಸ್ತಿ ಕಂಡಿತು. ಅದನ್ನು ನೋಡಿ ಮೈಕಿನವರು ಮೇಜಿನಿಂದ ಮೆಲ್ಲಗೆ ಜಾರಿ, ಶಾಲು ಸಮೇತ ಹುಲ್ಲಿನ ಮೇಲೆ ಮೂರ್ಛೆ.

ಅಷ್ಟರಲ್ಲಿ ಅಕ್ಕ ಬಂದ್ರು. ಗಂಡನನ್ನು ದಾಟಿ ಹಸುವಿನ ಹತ್ರ ಹೋದ್ರು.

"ಆ ಲೈಟು ಇತ್ತ ತಿರುಗಿಸು," ಅಂದ್ರು ನನಗೆ.

ಆ ಉರುಟು ಲೈಟಿಗೆ ಅವತ್ತು ಸಮಾ ಕೆಲಸ ಸಿಕ್ಕಿತು. ಅಕ್ಕ ಹಸಿರು ಬಟ್ಟೆ ಎಳೆದು ಕೈಗೆ ಸುತ್ತಿಕೊಂಡ್ರು. ಲೈವ್ ನಡೀತಾನೇ ಉಂಟು, ಆಫ್ ಮಾಡ್ಲಿಕ್ಕೆ ಯಾರಿಗೆ ಬರ್ತದೆ? ಇಡೀ ಕಡಬ ಬರೀಲಿಕ್ಕೆ ಸುರು ಮಾಡಿತು. ನಾನು ಓದಿ ಹೇಳಿದೆ, "ಅಕ್ಕ, ಸುಳ್ಯದವರೊಬ್ಬರು ಕೆಳಗೆ ಎಳೀಬೇಕಂತೆ. ಪುತ್ತೂರಿನವರು ಎಳೆಯಲೇಬಾರದಂತೆ. ದುಬೈಯಿಂದ ಒಬ್ಬರು ಬಿಸಿನೀರು ಇಟ್ಟಾಯ್ತಾ ಅಂತ ಕೇಳ್ತಿದ್ದಾರೆ."

"ದುಬೈಯವರಿಗೆ ಇಡ್ಲಿಕ್ಕೆ ಹೇಳು," ಅಂದ್ರು ಅಕ್ಕ.

ಮೈಕಿನವರ ಇನ್ನೊಂದು ಫೋನು ಮೇಜಿನ ಮೇಲೆ ಇತ್ತು. ಅದರಲ್ಲಿ ಜನರ ಲೆಕ್ಕ ಏರ್ತಾ ಉಂಟು. ಒಂಬೈನೂರ ತೊಂಬತ್ತೈದು, ತೊಂಬತ್ತೆಂಟು, ತೊಂಬತ್ತೊಂಬತ್ತು. ಅಲ್ಲಿಗೆ ನಿಂತಿತು. ಹಸುವೂ ನಿಂತಿತು. ಕರುವಿನ ಮೂತಿ ಹೊರಗೆ ಬಂದು, ಕಣ್ಣು ಬಿಟ್ಟು, ಆ ಲೈಟನ್ನೇ ನೋಡ್ತಾ ಉಂಟು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ಎಂತ ಆಯ್ತೋ ಗೊತ್ತಿಲ್ಲ, ನನ್ನ ಸೊಂಟದಲ್ಲಿದ್ದ ನನ್ನ ಮೊಬೈಲು ತೆಗೆದು, ಅಷ್ಟು ತಿಂಗಳು ಒತ್ತದೇ ಇದ್ದ ಆ ಕೆಂಪು ಗುಂಡಿ ಒತ್ತಿಬಿಟ್ಟೆ. ಸಾವಿರ.

ಹೌದು ಮಾರಾಯ್ತಿ. ಮೊದಲನೆಯವಳು ಅಂತ ಲಾಡು ತಿಂದವಳೇ ಸಾವಿರನೆಯವಳು.

ಕರು ಚಂದ ಉಂಟು, ಹಣೆಯಲ್ಲಿ ಬಿಳಿ ಬೊಟ್ಟು. ಆದ್ರೆ ರಗಳೆ ಅಲ್ಲಿಂದಲೇ ಸುರು. ಮೈಕಿನವರು ಎಚ್ಚರ ಆಗಿ ನೋಡುವಾಗ ಸಾವಿರವೂ ಆಗಿತ್ತು, ಕರುವೂ ಆಗಿತ್ತು. ಅಕ್ಕ ಕರುವಿನ ಕಾಲು ಹಿಡಿದವರು ಫೋನಿಗೆ ಬೆನ್ನು ಹಾಕಿದ್ರು. ಎರಡನ್ನೂ ನೋಡಿದವಳು ನಾನೊಬ್ಬಳೇ.

ಮೈಕಿನವರು ಬೇಲಿ ಹತ್ರ ಬಂದು, "ಸಾವಿರ ಮೊದಲು ಆದದ್ದಲ್ವಾ?" ಅಂದ್ರು. ಬೆಳಿಗ್ಗೆಯಿಂದ ಊಟ ಮಾಡಿರ್ಲಿಲ್ಲ ಪಾಪ, ಆ ಚಾನಲ್ ಹೋದ್ರೆ ಅವರ ಬಾಯಿಗೆ ಕೆಲಸವೇ ಇಲ್ಲ. ಹೌದು ಅಂದೆ. ಆಮೇಲೆ ಅಕ್ಕ ಗಿಣ್ಣು ತಂದುಕೊಟ್ಟು, "ಕರು ಮೊದಲು ಬಿದ್ದದ್ದಲ್ವಾ?" ಅಂದ್ರು. ಬಾಯಲ್ಲಿ ಗಿಣ್ಣು ಇರುವಾಗ ಇಲ್ಲ ಅನ್ನುದು ಹೇಗೆ? ಅದಕ್ಕೂ ಹೌದು ಅಂದೆ. ಮತ್ತೆ ಯೋಚನೆ ಮಾಡು, ಸಾವಿರ ಮೊದಲು ಅಂದ್ರೆ ಹಸು, ಕರು ಎರಡೂ ನನ್ನ ಕಿಟಕಿ ಬುಡಕ್ಕೆ. ಕರು ಮೊದಲು ಅಂದ್ರೆ ಚಾನಲ್ ಬಂದ್, ನಾನು ಸಂಜೆಗೆ ನಗ್ಲಿಕ್ಕೆ ಎಲ್ಲಿಗೆ ಹೋಗುದು?

ನಿನ್ನೆ ಗಂಡ ಹೆಂಡತಿ ಜಗಳ ಮಾಡಿ ಮಾಡಿ ಕೊನೆಗೆ ಒಂದು ತೀರ್ಮಾನಕ್ಕೆ ಬಂದಿದ್ದಾರೆ. ಇವತ್ತು ಸಂಜೆ ನಾನು ದೈವದ ಗುಡಿಯ ಎದುರು ನಿಂತು, ನೋಡಿದ್ದು ನೋಡಿದ ಹಾಗೆ ಹೇಳಬೇಕಂತೆ. ಅಲ್ಲಿ ನಾನು ಸುಳ್ಳು ಹೇಳ್ಲಿಕ್ಕುಂಟಾ? ನಿಜ ಹೇಳುವ ಅಂದ್ರೆ ನಿಜ ಎಂತ ಗೊತ್ತುಂಟಾ? ನಾನು ಗುಂಡಿ ಒತ್ತುವಾಗ ಕರು ಅರ್ಧ ಹೊರಗೆ, ಅರ್ಧ ಒಳಗೆ. ಮುಂದಿನ ಕಾಲು ಅಕ್ಕನ ಕಡೆ, ಹಿಂದಿನ ಕಾಲು ಮೈಕಿನವರ ಕಡೆ. ದೈವವಾದ್ರೂ ಎಂತ ಹೇಳ್ತದೆ, ಹಟ್ಟಿಯಲ್ಲಿ ಅರ್ಧ ಹಸು ಕಟ್ಟಿ ಅರ್ಧ ವಾರ್ತೆ ಓದಿ ಅಂತಲಾ?

ಇರು. ಗೇಟಿನ ಸದ್ದಾ ಅದು? ನೋಡು, ಇಬ್ಬರೂ ಒಟ್ಟಿಗೇ ಬರ್ತಿದ್ದಾರೆ. ಅಕ್ಕ ಕರು ಹಿಡ್ಕೊಂಡಿದ್ದಾರೆ. ಮೈಕಿನವರ ಕೈಯಲ್ಲಿ ಎಂತ ಅದು, ಕೋಲು? ಅಲ್ಲ ಮಾರಾಯ್ತಿ, ಮೊಬೈಲು ಸ್ಟ್ಯಾಂಡು. ಲೈವ್ ಹಾಕಿಕೊಂಡೇ ಬರ್ತಿದ್ದಾರೆ. ನೀನು ಎಲೆ ಉಗಿಯಬೇಡ. ಜಗಿ, ಜಗಿ. ಬನ್ನಿ ಅಕ್ಕ, ಬನ್ನಿ ಮೈಕಿನವ್ರೆ, ಎಂತ ಇಲ್ಲಪ್ಪ, ನಾವು ಮಳೆಯ ವಿಷಯ ಮಾತಾಡ್ತಾ...