ಹೊಲಿಗೆ ಮಷಿನ್ನೂ ಆಪರೇಟಿಂಗ್ ಸಿಸ್ಟಮ್ಮೂ

ಆಪರೇಟಿಂಗ್ ಸಿಸ್ಟಮ್ ಬಗ್ಗೆ ಕನ್ನಡದಲ್ಲಿ ಬಾಯಿ ತೆರೆದರೆ ಸಾಕು, ಭಟ್ಕಳದಿಂದ ಕುಮಟಾದವರೆಗೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ತಪ್ಪು ನನ್ನದಲ್ಲ. ಮೊಬೈಲನ್ನೂ ಕಂಪ್ಯೂಟರನ್ನೂ ಒಳಗೆ ಕೂತು ಆಳುವ ತಂತ್ರಾಂಶ ಅದು. ಅದು ಹೇಗೆ ಆಳುತ್ತದೆ ಎಂದು ಬಳಸುವವರಿಗೆ ಗೊತ್ತಿರಬೇಕೋ ಬೇಡವೋ? "ನಿಮಗೆ ಬಟನ್ ಒತ್ತಲು ಬಂದರೆ ಸಾಕು" ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಇದನ್ನು ಯಾವ ಕಾಲೇಜಿನಲ್ಲೂ ಕಲಿತವನಲ್ಲ, ಹಟಕ್ಕೆ ಬಿದ್ದು ಓದಿಕೊಂಡವನು. ಅದಕ್ಕೇ ಹೊನ್ನಾವರದ ಒಂದು ವಾಚನಾಲಯದ ಹಿಂದಿನ ಕೋಣೆಯಲ್ಲಿ ಶನಿವಾರ ಸಂಜೆ ಪುಕ್ಕಟೆ ತರಗತಿ ಶುರುಮಾಡಿದೆ. ಬರುವವರು ವಾರವಾರವೂ ಕಡಿಮೆಯಾದರು. ವಾಚನಾಲಯದ ಅಧ್ಯಕ್ಷರು ಕರೆದು ಹೇಳಿದರು: "ಜನ ಕರ್ಕೊಂಡು ಬನ್ನಿ. ಇಲ್ದಿದ್ರೆ ಆ ಕೋಣೆ ಹೊಲಿಗೆ ತರಗತಿಗೆ."

ನಾನು ಜನ ಹುಡುಕಲು ಹೊರಟೆ.

ಭಟ್ಕಳದ ಹೋಟೆಲು

ಪರಿಚಯದ ಹೋಟೆಲಿಗೆ ಹೋಗಿ ಮಾಲಕರಿಗೆ ವಿವರಿಸಿದೆ. ಆಪರೇಟಿಂಗ್ ಸಿಸ್ಟಮ್ಮಿನ ವಿನ್ಯಾಸದಲ್ಲಿ ಎರಡು ಪಂಥ. ಒಂದರಲ್ಲಿ ಎಲ್ಲ ಕೆಲಸವೂ ಒಂದೇ ಕಡೆ ರಾಶಿ. ವೇಗ ಹೆಚ್ಚು, ಆದರೆ ಒಂದು ಕೆಟ್ಟರೆ ಎಲ್ಲವೂ ಬೀಳುತ್ತದೆ. ಇನ್ನೊಂದರಲ್ಲಿ ನಡುವೆ ಕರ್ನೆಲ್ ಎಂಬ ಪುಟ್ಟ ತಿರುಳು, ಉಳಿದ ಕೆಲಸಗಳು ಬೇರೆ ಬೇರೆ ಗೂಡುಗಳಲ್ಲಿ. ತಿರುಳಿನ ಮೂಲಕ ಒಂದಕ್ಕೊಂದು ಸಂದೇಶ ಕಳಿಸುತ್ತವೆ. ಒಂದು ಸತ್ತರೂ ಉಳಿದವು ನಡೆಯುತ್ತವೆ.

ಮಾಲಕರು ಗಲ್ಲಾಪೆಟ್ಟಿಗೆ ಬಿಟ್ಟು ಎದ್ದೇಬಿಟ್ಟರು. "ಭಾಯ್, ನನ್ನ ಹೋಟೆಲು ಮೊದಲನೇದೇ! ಒಲೆ ಹತ್ರ ಇರುವವ ಸಿಟ್ಟು ಮಾಡಿದ್ರೆ ಎಲ್ಲಾ ಬಂದ್. ನಿಮ್ಮ ಎರಡನೇದು ಹಾಕಿ ನೋಡುವಾ. ಶನಿವಾರ ತರಗತಿಗೂ ಬರ್ತೇನೆ."

ಮರುದಿನವೇ ಹಾಕಿದರು. ಚಹಾದವನು ಹಾಲು ಮುಟ್ಟುವಂತಿಲ್ಲ, ಹಾಲಿನವನು ಸಕ್ಕರೆ ಮುಟ್ಟುವಂತಿಲ್ಲ, ಎಲ್ಲವೂ ಮಾಲಕರ ಮೂಲಕ.

"ಚಹಾದವನು ಹಾಲು ಕೇಳ್ತಿದ್ದಾನೆ!"

"ಎಷ್ಟು ಅಂತ ಹಾಲಿನವನು ಕೇಳ್ತಿದ್ದಾನೆ!"

"ಎಷ್ಟಿದೆ ಅಂತ ಚಹಾದವನು ಕೇಳ್ತಿದ್ದಾನೆ!"

ಕೂಗಿ ಕೂಗಿ ಮಾಲಕರ ಗಂಟಲು ಬಿದ್ದುಹೋಯಿತು. ಸಂಜೆ ನಾನು ಹೋಗಿ ಹೇಗಿತ್ತೆಂದು ಕೇಳಿದೆ.

"ಬಹಳ ಭದ್ರ ಭಾಯ್," ಎಂದರು ಪಿಸುದನಿಯಲ್ಲಿ. "ನಮ್ಮವರು ಒಬ್ಬರೂ ಬೀಳ್ಲಿಲ್ಲ. ಗಿರಾಕಿಗಳು ಮಾತ್ರ ಎದ್ದು ಹೋದ್ರು."

ಕುಮಟಾದ ಕಾಲೇಜು

ಕುಮಟಾದಲ್ಲಿ ಒಬ್ಬ ಉಪನ್ಯಾಸಕರು ನನ್ನ ಭಾಷಣ ಇಟ್ಟರು. ಹುಡುಗರು ನಾಲ್ಕು ಜನ ಸಿಕ್ಕಿದರೂ ಕೋಣೆ ಉಳಿಯುತ್ತದೆ ಎಂದು ನಾನು ಎರಡೂ ಪಂಥಗಳನ್ನು ಝಾಡಿಸಿದೆ.

"ಎರಡರಲ್ಲೂ ಮೇಲೆ ಕೂತವನದ್ದೇ ಅಪ್ಪಣೆ! ಮೂರನೆಯ ವಿಚಾರವೊಂದಿದೆ. ತಿರುಳು ಜಗಳ ತಡೆದರೆ ಸಾಕು. ತನಗೆ ಸಿಕ್ಕ ಮೆಮೊರಿಯನ್ನು ಹೇಗೆ ಬಳಸಬೇಕೆಂದು ಪ್ರತಿ ಪ್ರೋಗ್ರಾಮೂ ತಾನೇ ತೀರ್ಮಾನಿಸಲಿ. ನೀವೂ ಅಷ್ಟೇ. ಯಾರ ಅಪ್ಪಣೆಗೂ ಕಾಯಬೇಡಿ. ಸ್ವಂತ ತಲೆ ಓಡಿಸಿ!"

ಭಾರೀ ಚಪ್ಪಾಳೆ. ಇಡೀ ಸಭೆ ಬಗ್ಗಿ ಬರೆದುಕೊಳ್ಳತೊಡಗಿತು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದಳು.

"ಸರ್, ಇದು ಪರೀಕ್ಷೆಗೆ ಬರ್ತದ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಉಪನ್ಯಾಸಕರು ಕೂಗಿದರು: "ಇಲ್ಲ."

ಎಲ್ಲ ಪೆನ್ನುಗಳೂ ಒಟ್ಟಿಗೆ ಕೆಳಗಿಳಿದವು. ಒಂದೇ ಅಪ್ಪಣೆಗೆ ಇಡೀ ವ್ಯವಸ್ಥೆ ಅಷ್ಟು ಬೇಗ ನಿಂತದ್ದನ್ನು ನಾನು ಯಾವ ಕಂಪ್ಯೂಟರಿನಲ್ಲೂ ಕಂಡಿಲ್ಲ.

ದೀಪ ಹತ್ತಲಿಲ್ಲ

ಕೋಣೆ ಯಾರಿಗೆಂದು ತೀರ್ಮಾನಿಸಲು ಹೊನ್ನಾವರದಲ್ಲಿ ಸಭೆ ನಡೆಯಿತು. ನಾನು ಮಾತಾಡಿ ಜನರನ್ನು ಒಪ್ಪಿಸಬೇಕಿತ್ತು. ಎದುರಿಗೆ ಹೊಲಿಗೆ ಕಲಿಸುವ ಅಕ್ಕೋರು ತಮ್ಮ ಹುಡುಗಿಯರ ಜೊತೆ ಕೂತಿದ್ದರು. ನನ್ನ ಕಡೆಗೆ ಗಂಟಲಿಗೆ ಮಫ್ಲರ್ ಸುತ್ತಿಕೊಂಡ ಭಟ್ಕಳದ ಮಾಲಕರು ಮತ್ತು ನನ್ನ ತರಗತಿಯ ಹಳಬರು ಕೆಲವರು.

ಮೊದಲು ದೀಪ ಬೆಳಗಬೇಕು. ಅಧ್ಯಕ್ಷರ ಕೈಯಲ್ಲಿ ಬೆಂಕಿಪೆಟ್ಟಿಗೆ, ಮುಖ್ಯ ಅತಿಥಿಗಳ ಕೈಯಲ್ಲಿ ಮೇಣದಬತ್ತಿ.

"ಬತ್ತಿ ಈಚೆ ಕೊಡಿ, ಹಚ್ಚಿ ಕೊಡ್ತೇನೆ. ನೀವು ಅತಿಥಿಗಳು."

"ಛೆ ಛೆ, ಪೆಟ್ಟಿಗೆ ಕೊಡಿ, ನಾನೇ ಹಚ್ಕೊಳ್ತೇನೆ. ನೀವು ಹಿರಿಯರು."

ಇಬ್ಬರೂ ಒಂದು ಕೈ ಚಾಚಿ, ಇನ್ನೊಂದನ್ನು ಬಿಗಿಹಿಡಿದು ನಿಂತರು. ದೀಪ ಹತ್ತಲಿಲ್ಲ. ನಾನು ಕುಣಿದೆದ್ದೆ.

"ನೋಡಿ! ಕಂಪ್ಯೂಟರಿನಲ್ಲಿ ಡೆಡ್‌ಲಾಕ್ ಅನ್ನೋದು ಇದನ್ನೇ! ಇವರದು ಅವರಿಗೆ ಬೇಕು, ಅವರದು ಇವರಿಗೆ ಬೇಕು, ಇಬ್ಬರೂ ಬಿಡುವುದಿಲ್ಲ. ಇದಾಗದಂತೆ ಮೊದಲೇ ನಿಯಮ ಮಾಡಿ ಎನ್ನುತ್ತದೆ ಒಂದು ಪಂಥ. ಆಗಲಿ ಬಿಡಿ, ಆದಮೇಲೆ ಒಬ್ಬರನ್ನು ಮುಗಿಸಿದರಾಯಿತು ಎನ್ನುತ್ತದೆ ಇನ್ನೊಂದು."

ಮುಂದೆ ಕೂತ ಅಜ್ಜ ಕಿವಿ ಚಾಚಿದ. "ಯಾರನ್ನ ಮುಗಿಸೂದು?"

"ಯಾರು ಕಡಿಮೆ ಮುಖ್ಯವೋ ಅವರನ್ನ."

ಅತಿಥಿಗಳು ಅಧ್ಯಕ್ಷರನ್ನು ನೋಡಿದರು. ಅಧ್ಯಕ್ಷರು ನನ್ನನ್ನು ನೋಡಿದರು.

ಸರದಿ

ಕೊನೆಗೆ ಅಕ್ಕೋರು ಎದ್ದು ಬಂದು, ಎರಡನ್ನೂ ಕಿತ್ತುಕೊಂಡು ದೀಪ ಹಚ್ಚಿದರು. ನಾನು ಭಾಷಣ ಶುರುಮಾಡಿದೆ. ಒಂದೇ ಪ್ರೊಸೆಸರ್ ಎಷ್ಟೊಂದು ಪ್ರೋಗ್ರಾಮುಗಳನ್ನು ಸರದಿಯ ಮೇಲೆ ಚೂರುಚೂರೇ ನಡೆಸುತ್ತದೆ, ಪ್ರತಿಯೊಂದಕ್ಕೂ ಯಂತ್ರ ಪೂರ್ತಿ ತನ್ನದೇ ಅನ್ನಿಸುತ್ತದೆ ಎಂದು ಮನಮುಟ್ಟುವಂತೆ ಹೇಳಿದೆ. ಜನ ತಲೆದೂಗಿದರು. ಅಧ್ಯಕ್ಷರೂ ತಲೆದೂಗಿದರು. ಆಗಲೇ ನನಗೆ ಸಂಶಯ ಬರಬೇಕಿತ್ತು.

"ಮಾಸ್ತರ್ರು ದಾರಿ ತೋರಿಸಿದ್ರು," ಎಂದರು ಅಧ್ಯಕ್ಷರು. "ಶನಿವಾರ ಸಂಜೆ ಕಾಲು ಗಂಟೆ ಇವರಿಗೆ, ಕಾಲು ಗಂಟೆ ಅಕ್ಕೋರಿಗೆ, ಮತ್ತೆ ಇವರಿಗೆ. ಇಬ್ಬರಿಗೂ ಕೋಣೆ ಪೂರ್ತಿ ತಮ್ಮದೇ ಅನ್ನಿಸ್ತದೆ."

"ಸ್ವಾಮಿ, ಸರದಿ ಬದಲಿಸಲಿಕ್ಕೇ ಸಮಯ ಹಿಡೀತದೆ!" ಎಂದು ಕೂಗಿದೆ.

"ಅದನ್ನ ನೀವು ಭಾಷಣದಲ್ಲಿ ಹೇಳ್ಲಿಲ್ಲವಲ್ಲ."

ಶನಿವಾರ ಬಂತು. ನಮ್ಮ ಬೆಂಚು, ಕಪ್ಪುಹಲಗೆ ಒಳಗೆ ತಂದು ಇಡುವಷ್ಟರಲ್ಲಿ ನಮ್ಮ ಸರದಿ ಮುಗಿಯಿತು. ಅವನ್ನು ಜಗಲಿಗೆ ಹಾಕಿ ಅವರ ಮಷಿನುಗಳನ್ನು ಒಳಗೆ ಹೊರುವಷ್ಟರಲ್ಲಿ ಅವರದೂ ಮುಗಿಯಿತು. ಕಂಪ್ಯೂಟರು ಎಷ್ಟೋ ಸಲ ಬಳಲುವುದೂ ಹೀಗೇ, ಕೆಲಸದಿಂದಲ್ಲ, ಸರದಿ ಬದಲಿಸುವ ಸುಸ್ತಿನಿಂದ. ಇದನ್ನು ಹೇಳಿಕೊಡಲು ನನಗೆ ಪುರುಸೊತ್ತೇ ಸಿಗಲಿಲ್ಲ. ಮಾಲಕರು ಮಷಿನಿನ ಒಂದು ತುದಿ ಹಿಡಿದು "ಭಾಯ್, ಇದು ಯಾವ ಪಂಥ?" ಎಂದು ಏದುಸಿರು ಬಿಟ್ಟರು.

"ನಾನು ಒಂದು ಗುಂಡಿಯೂ ಹಚ್ಚಲಿಲ್ಲ," ಎಂದರು ಅಕ್ಕೋರು.

"ನಾನು ಒಂದು ವಾಕ್ಯವೂ ಹೇಳಲಿಲ್ಲ," ಎಂದೆ.

ಅಷ್ಟರಲ್ಲಿ ಅಧ್ಯಕ್ಷರು ನೋಡಲು ಬಂದರು. ದೂರು ಹೇಳಲು ನಾವಿಬ್ಬರೂ ಒಟ್ಟಿಗೆ ಬಾಯಿ ತೆರೆದೆವು. ಅವರು ಕೈಯೆತ್ತಿ ತಡೆದು, ಬೆವರಿಳಿಸುತ್ತ ಓಡಾಡುವ ಜನರನ್ನು ಕಣ್ತುಂಬ ನೋಡಿದರು.

"ಎಂತ ಚುರುಕು ಮಾರಾಯ್ರೆ! ಈ ಕೋಣೆಯಲ್ಲಿ ಒಬ್ಬರಾದ್ರೂ ಸುಮ್ನೆ ಕೂತಿದ್ದಾರಾ? ಇಷ್ಟು ಚಂದ ನಡೀತದೆ ಅಂದ್ಮೇಲೆ ಆತು, ಬರುವ ಶನಿವಾರದಿಂದ ಚಂಡೆ ಕ್ಲಾಸನ್ನೂ ಇಲ್ಲೇ ಸೇರಿಸುವಾ."